ಗುಡ್ಡದ ನೆತ್ತಿಯ ಮೂರು ಕರಿಕಲ್ಲು

ಆ ಐತಿಹಾಸಿಕ ಕೆರೆ ನನಗಿಂತ ಚಿಕ್ಕದು.

ತಮಾಷೆಗೆ ಹೇಳುತ್ತಿಲ್ಲ. ಸಾಂಗ್ಲಿಗೂ ಮಿರಜಿಗೂ ನಡುವೆ, ದೊಡ್ಡ ರಸ್ತೆಯಿಂದ ತುಸು ಒಳಗೆ, ಈಗ ಉದ್ಯಾನವಾಗಿರುವ ಗುಡ್ಡವೊಂದಿದೆ. ಅದರ ಬುಡದಲ್ಲಿ ಹಸಿರು ನೀರಿನ ಕೆರೆ, ಕೆರೆಯಲ್ಲಿ ಬಾತುಕೋಳಿಯ ಆಕಾರದ ತುಳಿಯುವ ದೋಣಿಗಳು, ದಂಡೆಯ ಮೇಲೆ ಗ್ರಾನೈಟ್ ಫಲಕ. ಹಿಂದಿನ ಕಾಲದಲ್ಲಿ ಕಾವಲು ಪಡೆಯ ಕುದುರೆಗಳಿಗೆ ನೀರು ಕುಡಿಸಲು ತೋಡಿಸಿದ ಕೆರೆ ಇದು ಎಂದು ಆ ಫಲಕ ಮೊದಲು ಮರಾಠಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಹೇಳುತ್ತದೆ. ಅದನ್ನು ತೋಡಿದ್ದು ಒಂದು ಹಳದಿ ಜೆಸಿಬಿ. ನಾನಾಗ ಎರಡನೆಯ ಇಯತ್ತೆಯಲ್ಲಿದ್ದೆ. ಕಾಕಾನ ಹೆಗಲ ಮೇಲೆ ಕೂತು ಪುಟಾಣಿ ಕಡಲೆ ತಿನ್ನುತ್ತಾ ನೋಡಿದ್ದೇನೆ. ರಸ್ತೆಗೆ ಹಾಸಲು ಮುರುಮು ಬೇಕಾಗಿತ್ತು, ಗುಡ್ಡದ ಬುಡವನ್ನು ಬಗೆದು ಲಾರಿಗೆ ತುಂಬಿದರು. ಗುಂಡಿ ಉಳಿಯಿತು, ಮಳೆ ಬಂತು, ನೀರು ನಿಂತಿತು. ಕುದುರೆ ಎಲ್ಲಿಂದ ಬಂತು?

ಹೋಗಲಿ, ಕೆರೆಯದು ಯಾರದೋ ಸುಳ್ಳು. ನನ್ನ ಸಿಟ್ಟು ನೆತ್ತಿಯ ಮೇಲಿನ ಎರಡನೆಯ ಫಲಕದ ಮೇಲೆ. ಅಲ್ಲಿ ಸ್ಟೀಲಿನ ಕಟಾಂಜನದೊಳಗೆ ಮೂರು ಕರಿಕಲ್ಲುಗಳಿವೆ. ಫಲಕದ ಮಾತು ಇದು: ‘ಕೃಷ್ಣೆಯ ಆಚೆ ದಂಡೆಯಲ್ಲಿ ಶತ್ರು ಕಂಡಾಗ ಕಾವಲುಗಾರರು ಈ ಕಲ್ಲುಗಳ ನಡುವೆ ಬೆಂಕಿ ಹಚ್ಚಿ ಸಂಕೇತ ಕೊಡುತ್ತಿದ್ದರು. ಕಲ್ಲು ಇಂದಿಗೂ ಕಪ್ಪಾಗಿಯೇ ಇದೆ, ಇತಿಹಾಸ ಆರಿಲ್ಲ.’

ಇತಿಹಾಸ ಆರಿಲ್ಲವಂತೆ! ಇದನ್ನು ಓದಿ ಜನ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಆ ಸಾಲು ನನ್ನದು. ಅಕ್ಷರಕ್ಷರ ನಾನೇ ಕಟ್ಟಿದ್ದು. ಆ ಮೂರು ಕಲ್ಲು ನಮ್ಮ ಆಯಿಯ ಒಲೆ ಎಂಬುದು ಆಗಲೂ ನನಗೆ ಗೊತ್ತಿತ್ತು.

ಆಯಿ ಅಂದರೆ ನನ್ನ ಅಪ್ಪನ ತಾಯಿ. ನಮ್ಮ ಮನೆತನ ಕುರಿಯದು. ಮಿರಜ ದಾಟಿ ಗಡಿಯ ಕಡೆ ಹೋದರೆ ಸಿಗುವ ಹಳ್ಳಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಅಪ್ಪ ಕುರಿ ಬಿಟ್ಟು ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಲೇಥ್ ಮಷೀನು ಹಿಡಿದ. ಅವನ ತಮ್ಮ, ನಮ್ಮ ಕಾಕಾ, ಕುರಿ ಬಿಡಲಿಲ್ಲ. ಆಯಿ ಕುರಿಯನ್ನೂ ಬಿಡಲಿಲ್ಲ, ಕಾಕಾನನ್ನೂ ಬಿಡಲಿಲ್ಲ.

ದೀಪಾವಳಿ ಮುಗಿದ ವಾರದಲ್ಲಿ ನಮ್ಮ ಹಿಂಡು ಊರು ಬಿಡುತ್ತದೆ. ಮುಂದಿನ ಮಳೆಗಾಲದವರೆಗೆ ಹೊಲದಿಂದ ಹೊಲಕ್ಕೆ ತಿರುಗಾಟ: ಹೊಲದವನಿಗೆ ಗೊಬ್ಬರ, ಕುರಿಗೆ ಮೇವು. ಮೊದಲ ತಂಗು ಈ ಗುಡ್ಡದಲ್ಲಿ. ನೆತ್ತಿಯ ಮೇಲೆ ಮೂರು ಕಲ್ಲಿನ ಒಲೆ ಹೂಡಿ, ಸಗಣಿಯ ಕುಳ್ಳು ಹಚ್ಚಿ, ಹೊಸ ಮಣ್ಣಿನ ಗಡಿಗೆಯಲ್ಲಿ ಕುರಿಹಾಲು ಕಾಯಿಸಿ ಉಕ್ಕಿಸುತ್ತಾರೆ. ಹಾಲು ಯಾವ ಕಡೆ ಚೆಲ್ಲುತ್ತದೋ ಆ ವರ್ಷ ಹಿಂಡು ಆ ಕಡೆ. ಪಶ್ಚಿಮಕ್ಕೆ ಚೆಲ್ಲಿದರೆ ಕೃಷ್ಣೆಯ ದಂಡೆ, ದಕ್ಷಿಣಕ್ಕಾದರೆ ಕಾಗವಾಡದ ಕಡೆ, ಪೂರ್ವಕ್ಕಾದರೆ ಜತ್ತದ ಬಯಲು. ಯಾವ ಕಡೆಗೂ ಹೋಗದೆ ನಿಂತರೆ ಹಿಂಡು ಏಳುವಂತಿಲ್ಲ. ಹಾಲು ಹೇಳುವವರೆಗೆ ಕೂತಲ್ಲೇ ಕೂತಿರಬೇಕು. ಇದಕ್ಕೆ ಎದುರಾಡಿದ ಗಂಡಸನ್ನು ನಾನು ನೋಡಿಲ್ಲ. ಮನೆಯಲ್ಲಿ ಉಪ್ಪು ಕಡಿಮೆಯಾದರೆ ತಾಟು ಎತ್ತಿ ಒಗೆಯುವ ದೊಡ್ಡಪ್ಪಂದಿರು ಹಾಲಿನ ಮುಂದೆ ಕಂಬಳಿ ಮಡಚಿಕೊಂಡು ತಲೆಬಾಗಿ ನಿಲ್ಲುತ್ತಿದ್ದರು.

ನಾನು ಎದುರಾಡಿದೆ. ಆರನೆಯ ಇಯತ್ತೆಯಲ್ಲಿದ್ದೆ. ಎಲ್ಲರೂ ಕಾಯುತ್ತಿರುವಾಗ ತಾಟಿನಲ್ಲಿ ನೀರು ಹಾಕಿ ಒಲೆಯ ಕಲ್ಲುಗಳ ಮೇಲಿಟ್ಟೆ. ನೀರು ಒಂದೇ ಕಡೆ ಸರಿಯಿತು.

“ಕಾಕಾ, ಹಾಲು ಏನೂ ಹೇಳೂದಿಲ್ರಿ. ಈ ಕಡಿ ಕಲ್ಲ ತೆಳಗ ಐತಿ ನೋಡ್ರಿ. ಗಡಿಗಿ ವಾಲತೈತಿ, ಹಾಲು ಚೆಲ್ಲತೈತಿ. ಅಷ್ಟ.”

ಕಾಕಾನ ಮುಖ ಸಪ್ಪಗಾಯಿತು. ಹಿಂದಿನಿಂದ ಯಾರೋ ನನ್ನ ತೊಡೆ ಚಿವುಟಿದರು. ಆಯಿ. ಕಣ್ಣಲ್ಲಿ ನೀರು ಬರುವ ಹಾಗೆ ಚಿವುಟಿ, ಮರುಕ್ಷಣ ಬೆಲ್ಲದ ತುಂಡು ಬಾಯಿಗೆ ತುರುಕಿದಳು.

“ಬೆಲ್ಲ ತಿನ್ನ, ಬಾಯಿ ಮುಚ್ಚ.” ಕಾಕಾನ ಕಡೆ ತಿರುಗಿ, “ಸಾಲಿ ಕಲಿಯೂ ಹುಡುಗಿ, ಹಂಗ ಒದರತೈತಿ. ನೀ ಉರಿ ಹಚ್ಚೊ” ಎಂದಳು.

ಪಾಪ, ಓದಿಲ್ಲದ ಮುದುಕಿ, ಸತ್ಯ ತಡೆದುಕೊಳ್ಳಲಾರಳು ಎಂದುಕೊಂಡೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ನನ್ನ ಜಾಣತನದ ಬಗ್ಗೆ ಈಗ ನನಗಿರುವ ಸಿಟ್ಟಿನಲ್ಲಿ ಅರ್ಧ ಅದಕ್ಕೇ ಮೀಸಲು.

ಏಳನೆಯ ಇಯತ್ತೆಯವರೆಗೆ ಹಳ್ಳಿಯ ಕನ್ನಡ ಶಾಲೆ, ಆಮೇಲೆ ಸಾಂಗ್ಲಿಯಲ್ಲಿ ಮರಾಠಿ. ಕಾಲೇಜಿಗೆ ಬಂದಮೇಲೆ ಚರ್ಚಾ ಸ್ಪರ್ಧೆಗೆ ಬಿದ್ದೆ. ಬಿದ್ದೆ ಎನ್ನುವುದೇ ಸರಿ, ಕುಡಿತಕ್ಕೆ ಬಿದ್ದ ಹಾಗೆ. ನಾಣ್ಯ ಚಿಮ್ಮಿ ಪರವೋ ವಿರೋಧವೋ ಎಂದು ಹೇಳುತ್ತಾರೆ. ಮಾತಿಗೆ ನಾಲ್ಕು ನಿಮಿಷ, ಮೂರನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ. ನನಗೆ ಯಾವ ಬದಿ ಬಂದರೂ ನಡೆಯುತ್ತಿತ್ತು. ಬೆಳಿಗ್ಗೆ ದೇವರಿದ್ದಾನೆ ಎಂದು ಗೆದ್ದು ಮಧ್ಯಾಹ್ನ ದೇವರಿಲ್ಲ ಎಂದು ಗೆದ್ದಿದ್ದೇನೆ. ಮನೆಯಲ್ಲಿ ಟ್ರೋಫಿಗಳನ್ನು ಅವ್ವ ಜೋಳದ ಡಬ್ಬಿಯ ಮೇಲೆ ಸಾಲಾಗಿ ಇಟ್ಟಿದ್ದಳು.

ಒಂದು ಸ್ಪರ್ಧೆಯ ವಿಷಯ ಇದೇ ಗುಡ್ಡ. ಆಗ ಅದನ್ನು ಪೂರ್ತಿ ಅಗೆದು ಸಮತಟ್ಟು ಮಾಡಿ ಮನೆ ಕಟ್ಟಬೇಕೆಂಬ ಮಾತು ನಡೆದಿತ್ತು. ನನಗೆ ಬಂದದ್ದು ಗುಡ್ಡ ಉಳಿಯಬೇಕು ಎನ್ನುವ ಬದಿ. ತಿಳಿಯಿತಲ್ಲ? ಗುಡ್ಡವನ್ನು ನಾನು ಉಳಿಸಲು ಹೋದದ್ದಲ್ಲ, ನಾಣ್ಯ ಹಾಗೆ ಬಿತ್ತು. ಎದುರಿನ ಹುಡುಗ ಚುರುಕಾಗಿದ್ದ. “ಆ ಗುಡ್ಡದಲ್ಲಿ ಏನಿದೆ? ನಾಲ್ಕು ಜಾಲಿಗಿಡ, ಕುರಿಹಿಕ್ಕೆ” ಎಂದ. ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಎದ್ದು ನಿಂತು ಕಾವಲುಗಾರರನ್ನು ಹುಟ್ಟಿಸಿದೆ, ಶತ್ರುವನ್ನು ಹುಟ್ಟಿಸಿದೆ, ಕಪ್ಪುಕಲ್ಲಿನ ನಡುವೆ ಸಂಕೇತದ ಬೆಂಕಿ ಹಚ್ಚಿದೆ. ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ, ‘ಇತಿಹಾಸ ಆರಿಲ್ಲ.’ ಚಪ್ಪಾಳೆ.

ಅದು ಕುರಿಗಾರ ಹೆಂಗಸರ ಒಲೆ ಎಂದು ಯಾಕೆ ಹೇಳಲಿಲ್ಲ? ಅದೂ ಇತಿಹಾಸವೇ ಅಲ್ಲವೆ? ನಮ್ಮ ಆಯಿಯ ಅತ್ತೆ, ಆ ಅತ್ತೆಯ ಅತ್ತೆ ಅಲ್ಲಿ ಹಾಲು ಉಕ್ಕಿಸಿದ್ದಾರೆ. ಕೃಷ್ಣೆಗೆ ಆ ದೊಡ್ಡ ಮಹಾಪೂರ ಬಂದಾಗ, ಸೇತುವೆ ಮುಚ್ಚುವ ಮುಂಚೆ ಹೊಳೆಯಾಚೆಯ ಸಾಂಗ್ಲಿವಾಡಿಯವರು ಎಮ್ಮೆ ಹೊಡೆದುಕೊಂಡು ಬಂದು ಇದೇ ಗುಡ್ಡ ಹತ್ತಿದರು. ಅದೇ ಮೂರು ಕಲ್ಲಿನ ಮೇಲೆ ಯಾರು ಯಾರಿಗೋ ಅನ್ನ ಬೆಂದಿದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕುರಿಹಿಕ್ಕೆ ಎಂದು ನಕ್ಕ ಸಭೆಯ ಮುಂದೆ ಕುರುಬರ ಒಲೆ ಎಂದು ಹೇಳುವ ಗುಂಡಿಗೆ ನನಗಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಗೆ ಮೊದಲ ಬಹುಮಾನ ಕೊಟ್ಟರು.

ತೀರ್ಪುಗಾರರಲ್ಲಿ ಒಬ್ಬರು ಮುಂದೆ ಉದ್ಯಾನದ ಸಮಿತಿ ಸೇರಿದರು. ಗುಡ್ಡ ಉಳಿಯಿತು, ಅದು ನಿಜ. ಸುತ್ತ ಗೋಡೆ ಬಂತು, ಹುಲ್ಲುಹಾಸು ಬಂತು, ಸೆಲ್ಫಿಗೆಂದು ದೊಡ್ಡ ಕೆಂಪು ಹೃದಯ ಬಂತು, ಗೇಟಿನಲ್ಲಿ ‘ಜನಾವರಗಳಿಗೆ ಪ್ರವೇಶವಿಲ್ಲ, ಬೆಂಕಿ ಹಚ್ಚಬಾರದು’ ಎಂಬ ಬೋರ್ಡು ಬಂತು. ನನ್ನ ಸಾಲು ಗ್ರಾನೈಟಿಗೆ ಏರಿತು. ಉದ್ಘಾಟನೆಯ ನಂತರದ ವಾರ ಗೆಳತಿಯರ ಜೊತೆ ಹೋಗಿ ಅದನ್ನು ಓದಿದಾಗ ಮೊದಲು ಹೆಮ್ಮೆಯಾಯಿತು. ಸುಳ್ಳು ಹೇಳಲಾರೆ, ಎರಡು ನಿಮಿಷ ಹೆಮ್ಮೆಯೇ ಆಯಿತು. ಆಮೇಲೆ ಗೆಳತಿಯರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಸಮಿತಿಗೆ ಅರ್ಜಿ ಬರೆದೆ: ಇದು ನಾನು ಸ್ಪರ್ಧೆಗೆಂದು ಕಟ್ಟಿದ ಕತೆ, ಫಲಕ ತೆಗೆಯಿರಿ. ಉತ್ತರ ಬರಲಿಲ್ಲ. ಎರಡನೆಯ ಅರ್ಜಿಗೆ ಬಂತು. ಫಲಕಕ್ಕೆ ಆಧಾರವಿದೆ, ಆಧಾರದ ಪ್ರತಿ ಲಗತ್ತಿಸಿದೆ ಎಂದಿತ್ತು. ಲಗತ್ತಿಸಿದ್ದು ನನ್ನದೇ ಭಾಷಣ.

ದೀಪಾವಳಿ ಬಂತು. ಹಬ್ಬ ಮುಗಿದ ಐದನೆಯ ದಿನ ಮಧ್ಯಾಹ್ನ ಕಾಕಾ ಫೋನ್ ಮಾಡಿದ.

“ಏ ತಂಗಿ, ನೀ ಲಗೂ ಬಾ. ಗುಡ್ಡಕ್ಕ ಬಾಗಲಾ ಹಚ್ಚ್ಯಾರ. ಆಯಿ ವಾಚಮನ್ ಸಂಗಾಟ ಜಗಳಾಡಾಕತ್ತಾಳ.”

ರಿಕ್ಷಾ ಹಿಡಿದು ಹೋದೆ. ಗೋಡೆಯ ಹೊರಗಿನ ಬಯಲಲ್ಲಿ ಹಿಂಡು ನಿಂತಿತ್ತು. ಆಯಿ ಗೇಟಿನ ಮುಂದೆ, ಸೊಂಟದ ಮೇಲೆ ಗಡಿಗೆ ಇಟ್ಟುಕೊಂಡು, ವಾಚಮನ್‌ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಅವನು ನೀಲಿ ಅಂಗಿಯ ವಯಸ್ಸಾದ ಮನುಷ್ಯ. “ಆಜೀ, ಆತ ಜಾತಾ ಯೇಣಾರ ನಾಹೀ” ಎಂದು, ಒಳಗೆ ಹೋಗಲು ಬರುವುದಿಲ್ಲವೆಂದು, ಮರಾಠಿಯಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದ.

“ಯಾವ ಊರಾಂವೊ ನೀ?” ಎಂದಳು ಆಯಿ, ಕನ್ನಡದಲ್ಲೇ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಇಂಡಿ ಕಡೆಯಾಂವ್ರಿ ಯವ್ವಾ. ನಿಮ್ಮಂಥಾವರ ಪೈಕೀನ. ಆದ್ರ ನೀವು ಒಳಗ ಹೋದ್ರ ನನ್ನ ನೌಕರಿ ಹೊರಗ ಹೋಗತೈತ್ರಿ.”

“ನನ್ನ ಒಲಿಗೆ ನನ್ನ ಕಳಸಾಕ ನಿನಗೇನೊ ತ್ರಾಸು?”

“ಒಲಿ ಅಲ್ರಿ ಅದು. ಮಿಲಿಟರಿದಂತ. ಮ್ಯಾಲ ಬರದಾರ.”

“ಯಾವ ಭಾಡ್ಯಾ ಬರದಾನ?”

ಅವನು ಗೊತ್ತಿಲ್ಲವೆಂದು ಭುಜ ಕುಣಿಸಿದ. ನಾನು ನೆಲ ನೋಡಿದೆ.

ಮರುದಿನ ಕಚೇರಿಗೆ ಹೋದೆ. ಉದ್ಯಾನ ನೋಡಿಕೊಳ್ಳುವ ಸಾಹೇಬರು ಮರ್ಯಾದಸ್ಥರು, ಚಹಾ ತರಿಸಿದರು. ಮಾತು ಮರಾಠಿಯಲ್ಲಿ ನಡೆಯಿತು.

“ಸರ್, ಅದು ನನ್ನ ಅಜ್ಜಿಯ ಒಲೆ. ಕಾವಲುಗಾರರ ಕತೆ ನಾನು ಕಟ್ಟಿದ್ದು.”

“ಬೇಟಾ, ನಿನ್ನ ಭಾಷಣ ನಾನೂ ಕೇಳಿದ್ದೆ. ಅದ್ಭುತವಾಗಿತ್ತು. ಈಗ ಯಾಕೆ ಹಿಂದೆ ಸರಿಯುತ್ತಿ?”

“ಅದು ಸುಳ್ಳು, ಅದಕ್ಕೆ.”

“ಸುಳ್ಳು ಎನ್ನಲು ಸಾಕ್ಷ್ಯ ಏನಿದೆ? ಒಲೆ ಎನ್ನುವುದಕ್ಕೆ ಒಂದು ಕಾಗದ?”

“ಒಲೆಗೆ ಯಾರು ಸರ್ ಕಾಗದ ಮಾಡಿಸುತ್ತಾರೆ?”

“ಅಂದರೆ ಇಲ್ಲ.” ಅವರು ನಕ್ಕರು. “ಕಾವಲುಗಾರರಿಗಾದರೆ ನೋಡು, ಗ್ರಾನೈಟಿನಲ್ಲಿ ಬರೆದದ್ದಿದೆ. ನೀನು ಚರ್ಚೆ ಮಾಡುವವಳು. ತೀರ್ಪುಗಾರಳಾಗಿ ನೀನೇ ಹೇಳು, ಯಾರು ಗೆದ್ದರು?”

ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಸಾಕ್ಷ್ಯ ಎಲ್ಲಿದೆ ಎಂದು ಜೀವನವಿಡೀ ಎಲ್ಲರ ಬಾಯಿ ಮುಚ್ಚಿಸಿದವಳು ನಾನು. ಅದೇ ಪ್ರಶ್ನೆ ಚಹಾ ಕಪ್ಪಿನ ಜೊತೆ ನನ್ನ ಮುಂದೆ ಬಂದು ಕೂತಿತ್ತು.

ಗುಡ್ಡಕ್ಕೆ ಮರಳಿ ಬಂದು, ಗೋಡೆಯ ನೆರಳಲ್ಲಿ ಕೂತಿದ್ದ ಆಯಿಗೆ ಎಲ್ಲವನ್ನೂ ಹೇಳಿದೆ. ಸ್ಪರ್ಧೆ, ನಾಚಿಕೆ, ಫಲಕ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಒಳ್ಳೆಯದಿತ್ತು. ಅವಳು ಉಣ್ಣೆಯ ಎಳೆ ತಿರುವುತ್ತಾ ಕೂತಿದ್ದಳು. ಕಾಕಾ ಕುರಿಗಳ ಹತ್ತಿರ ದೂರದಲ್ಲಿದ್ದ. ಅವನನ್ನೊಮ್ಮೆ ನೋಡಿ ಮೆಲ್ಲಗೆ ಅಂದಳು:

“ಆ ತಗ್ಗಿನ ಕಲ್ಲ ಯಾರ ಇಡತಿದ್ರ ಗೊತ್ತೇನ?”

“ಯಾವ ಕಲ್ಲು?”

“ನೀ ಸಣ್ಣಾಕಿದ್ದಾಗ ತಾಟಿನ್ಯಾಗ ನೀರ ಹಾಕಿ ತೋರಿಸಿದ್ದಿ ನೋಡ. ಅದ.”

“ಯಾರು ಇಡತಿದ್ರು?”

“ನಮ್ಮ ಅತ್ತಿ ನನಗ ಕಲಿಸ್ಯಾಳ. ಗಂಡಸರು ದಿಕ್ಕಿನ ಸಲುವಾಗಿ ಬಡಿದಾಡತಾರ. ಒಬ್ಬಂವ ಹೊಳಿ ಅಂತಾನ, ಒಬ್ಬಂವ ಜತ್ತ ಅಂತಾನ. ಒಮ್ಮಿ ಕೊಡ್ಲಿ ತಗದಾರ. ಎಲ್ಲಿ ನೀರ ಐತಿ, ಎಲ್ಲಿ ಹಿಂದಿನ ವರ್ಷ ಹೊಲದಾಂವ ತಂಟೆ ಮಾಡ್ಯಾನ, ಅದೆಲ್ಲಾ ನಾವು ಹೆಣ್ಣಮಕ್ಕಳು ಮಿರಜ ಸಂತ್ಯಾಗ ಕೇಳಕೊಂಡ ಬರತಿದ್ವಿ. ಕೇಳಕೊಂಡ ಬಂದು ಬೆಳಿಗ್ಗೆ ಕಲ್ಲ ಹೂಡೂದು. ನಾವು ಹೇಳಿದ್ರ ಕೇಳತಾರೇನ? ಹಾಲು ಹೇಳಿದ್ರ ಕೇಳತಾರ.”

“ಹಂಗಂದ್ರ ನಾ ಹೇಳಿದ್ದು ಖರೇ ಇತ್ತು! ಮತ್ತ ಚಿವುಟಿದ್ಯಾಕ?”

“ಖರೇ ಇತ್ತಂತನ ಚಿವುಟಿದೆ.” ಅವಳು ಎಳೆ ಕಡಿದಳು. “ನಾನೂ ಸುಳ್ಳ ಹೇಳೇನಿ ತಂಗಿ. ನನ್ನ ಸುಳ್ಳ ತಿಂದು ಕುರಿ ಬದುಕ್ಯಾವ. ನಿಂದು ಯಾರಿಗಿ ಹೊಟ್ಟಿ ತುಂಬಸೇತಿ, ಹೇಳ.”

ಎಷ್ಟೋ ವೇದಿಕೆಗಳಲ್ಲಿ ಪ್ರತಿವಾದಕ್ಕೆ ನನಗೆ ಅರ್ಧ ನಿಮಿಷ ಸಾಕಾಗಿದೆ. ಅವತ್ತು ಅವಳ ಉಣ್ಣೆಯ ಉಂಡೆ ತೆಗೆದುಕೊಂಡು ಎಳೆ ಸುತ್ತತೊಡಗಿದೆ.

ಮರುದಿನ ಮುಂಜಾನೆ ವಾಯುವಿಹಾರದವರು ಇನ್ನೂ ಒಳಗೆ ಸುತ್ತುತ್ತಿರುವಾಗ ಆಯಿ ಗೇಟಿನೆದುರಿನ ಬಯಲಲ್ಲಿಯೇ ಮೂರು ಕಲ್ಲು ಹೂಡಿದಳು. ಗೋಡೆ ಕಟ್ಟುವಾಗ ಉಳಿದ ಕಲ್ಲು. ಕಾಕಾ ಕುಳ್ಳು ಹಚ್ಚಿದ. ನಾನು ಕಲ್ಲನ್ನು ನೋಡಿದೆ. ಯಾವುದು ತಗ್ಗಿದೆ ಎಂದು ಕಂಡಿತು. ಆಯಿಯ ಮುಖ ನೋಡಿದೆ. ಅವಳು ಹಾಲಿನ ಗಡಿಗೆಯ ಬಾಯಿಗೆ ಅರಿಶಿನ ಹಚ್ಚುತ್ತಿದ್ದಳು, ಲೋಕದ ಅರಿವಿಲ್ಲದವಳ ಹಾಗೆ.

ಹಾಲು ಉಕ್ಕಿತು. ನೊರೆ ಏರಿ, ಗಡಿಗೆಯ ತುಟಿ ದಾಟಿ, ಸೀದಾ ಗೇಟಿನ ಕಡೆ ಚೆಲ್ಲಿತು.

ಕಾಕಾ ತಲೆ ಕೆರೆದುಕೊಂಡ. “ಯವ್ವಾ, ಗುಡ್ಡದ ಕಡೆ ಹೋತಲ್ಲಬೇ ಹಾಲು. ಅಲ್ಲಿ ಬಾಗಲಾ ಐತಿ.”

“ನಾ ಏನ ಮಾಡ್ಲಿ? ಹಾಲಿಗಿ ಕೇಳ.”

ಇಲ್ಲಿ ನಾನು ಚರ್ಚೆಯ ಹುಡುಗಿಯಾಗಿ ಸತ್ಯ ಹೇಳಬೇಕಾಗಿತ್ತು. ಹೇಳಲಿಲ್ಲ. ಬೆಲ್ಲದ ಗಂಟಿನಿಂದ ನಾನೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ.

ಹುಲ್ಲಿಗೆ ನೀರು ಬಿಡುವ ಟ್ಯಾಂಕರ್ ಬಂತು. ವಾಚಮನ್ ಗೇಟಿನ ಎರಡೂ ಕದ ತೆರೆದ. ಕಾಕಾ ಹಾಲಿನ ದಾರಿ ನೋಡಿದ, ಗೇಟು ನೋಡಿದ, ಕೋಲು ಎತ್ತಿದ. ಟಗರು ಮುಂದೆ ಹೊರಟಿತು. ಅದರ ಹಿಂದೆ ಹಿಂಡಿಗೆ ಹಿಂಡೇ ಟ್ಯಾಂಕರಿನ ಬೆನ್ನಿಗೆ ಹತ್ತಿಕೊಂಡು ಒಳಗೆ ನುಗ್ಗಿತು. ವಾಚಮನ್ ಗಾಬರಿಯಾಗಿ ಸೀಟಿ ಊದಿದ. ನಮ್ಮ ಕುರಿಗಳು ಹುಟ್ಟಿದಾಗಿನಿಂದ ಸೀಟಿಗೇ ನಡೆದು ರೂಢಿಯಾದವು. ಸೀಟಿ ಕೇಳಿ ಇನ್ನೂ ಬಿರುಸಾಗಿ ಓಡಿದವು. ಅವನು ಮತ್ತೂ ಜೋರಾಗಿ ಊದಿದ. ಅವು ಮತ್ತೂ ಜೋರಾಗಿ ಓಡಿದವು.

“ಊದಬ್ಯಾಡೊ ಮಾರಾಯಾ,” ಕಾಕಾ ಹಿಂದಿನಿಂದ ಕೂಗಿದ, “ನೀನ ಹೊಡಕೊಂಡ ಹೊಂಟಿ!”

ಅವನು ಸೀಟಿ ಬಾಯಿಂದ ತೆಗೆದು, ಅದನ್ನೇ ಒಂದು ಕ್ಷಣ ನೋಡಿ, ಕಿಸೆಗೆ ಹಾಕಿಕೊಂಡ.

ಕೆಂಪು ಹೃದಯದ ಸುತ್ತ ಕುರಿ, ಹುಲ್ಲುಹಾಸಿನ ಮೇಲೆ ಕುರಿ, ಚೆಂಡುಹೂವಿನ ಪಾತಿಯಲ್ಲಿ ಕುರಿ. ಬಿಳಿ ಬೂಟಿನ ಗೃಹಸ್ಥರೊಬ್ಬರು ಬೆಂಚಿನ ಮೇಲೆ ಹತ್ತಿ ನಿಂತರು. ಆಯಿ ಉಳಿದ ಹಾಲಿನ ಗಡಿಗೆ ಹಿಡಿದು ಯಾರ ಕಡೆಯೂ ನೋಡದೆ ಹತ್ತಿದಳು, ಅವಳ ಹಿಂದೆ ನಾನು.

ನೆತ್ತಿಯ ಮೇಲೆ ಕಟಾಂಜನದ ಸಂದಿಯಿಂದ ಕೈ ತೂರಿಸಿ, ತನ್ನ ಹಳೆಯ ಕಲ್ಲುಗಳ ನಡುವೆ ಸ್ವಲ್ಪ ಹಾಲು ಸುರಿದಳು. ಹಾಲು ದುಂಡಗೆ ಹರಡಿ ಅಲ್ಲೇ ನಿಂತಿತು. ಕೆಳಗೆ ಸಿಮೆಂಟಿನ ಕಟ್ಟೆ, ಮಟ್ಟಗೋಲು ಇಟ್ಟು ಮಾಡಿದ ಸಮ ಕಟ್ಟೆ. ಪೂರ್ವಕ್ಕೂ ಇಲ್ಲ, ಪಶ್ಚಿಮಕ್ಕೂ ಇಲ್ಲ.

ಕಾಕಾ ಏದುಸಿರು ಬಿಡುತ್ತಾ ಬಂದ. ನೋಡಿದ. ಕಂಬಳಿ ಕೆಳಗೆ ಹಾಸಿ ಕೂತುಬಿಟ್ಟ.

“ಹಾಲು ನಿಂತೈತಿ. ಹಿಂಡ ಏಳಂಗಿಲ್ಲ.”

ಈ ಸಲ ಆಯಿಯ ಕೈವಾಡ ಇರಲಿಲ್ಲ. ಕಲ್ಲು ಇಟ್ಟವರು ಉದ್ಯಾನದವರೇ.

ಸಾಹೇಬರು ಬಂದಾಗ ಬಿಸಿಲು ಏರಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಶಾಲೆಯ ಮಕ್ಕಳು ಪ್ರವಾಸಕ್ಕೆ ಬರುವುದಿದೆ, ಕೂಡಲೇ ಕುರಿ ತೆಗೆಯಿರಿ ಎಂದರು. ಕಾಕಾ ಮರಾಠಿಯಲ್ಲಿ ಬಹಳ ವಿನಯದಿಂದ, ಹಾಲು ಹೇಳದೆ ಹಿಂಡು ಏಳುವುದಿಲ್ಲ, ಏಳಿಸಿದರೆ ದಾರಿಯಲ್ಲಿ ಸಾಯುತ್ತದೆ, ಬೇಕಾದರೆ ನನ್ನನ್ನು ಹಿಡಿದುಕೊಂಡು ಹೋಗಿ ಎಂದ. ಅವನದು ನಾಟಕವಲ್ಲ. ಸಾಹೇಬರಿಗೂ ಅದು ತಿಳಿಯಿತು. ಪೊಲೀಸರನ್ನು ಕರೆಯುವೆನೆಂದು ಫೋನ್ ತೆಗೆದರು, ಸುತ್ತಲೂ ಮಲಗಿ ಮೆಲುಕು ಹಾಕುತ್ತಿದ್ದ ಕುರಿಗಳನ್ನು ನೋಡಿ ಮತ್ತೆ ಕಿಸೆಗೆ ಇಟ್ಟರು. ಇಷ್ಟು ಕುರಿಗಳನ್ನು ಯಾವ ಜೀಪಿಗೆ ತುಂಬುತ್ತಾರೆ?

ಆಯಿ ಅಷ್ಟು ಹೊತ್ತೂ ಕಲ್ಲುಗಳನ್ನೇ ನೋಡುತ್ತಿದ್ದಳು. “ಏ ತಂಗಿ, ಕರಿ ಮೈ ಹೊರಗ ಮಾಡಿ ಕುಂದರಸ್ಯಾರಲ್ಲ” ಎಂದಳು. “ಒಲಿ ಹೊರಗ ಉರಿತೈತೇನ?”

ಆಗ ನನಗೆ ಕಂಡಿತು. ಅಷ್ಟು ಸಲ ಬಂದು ಸಿಟ್ಟಿನಲ್ಲಿ ಫಲಕ ಓದಿದ್ದೆ, ಕಲ್ಲನ್ನು ನೋಡಿರಲೇ ಇಲ್ಲ. ಮಸಿ ಹಿಡಿದದ್ದು ಪ್ರತಿ ಕಲ್ಲಿನ ಒಂದೇ ಮೈ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಆ ಮೈಯನ್ನು ಹೊರಗೆ ತಿರುಗಿಸಿ ಸಿಮೆಂಟು ಹಾಕಿದ್ದರು.

“ಸರ್,” ಎಂದೆ, “ನಿನ್ನೆ ಸಾಕ್ಷ್ಯ ಕೇಳಿದಿರಿ. ಹಾರೆ ತರಿಸಿ. ಕಪ್ಪು ಮೈ ಒಳಗೆ ಬರುವ ಹಾಗೆ ಮೂರನ್ನೂ ಕೂಡಿಸಿ. ಮಸಿಯ ಗೆರೆ ಒಂದಕ್ಕೊಂದು ಸೇರಿ, ಇವಳ ಗಡಿಗೆ ಸರಿಯಾಗಿ ಕೂತರೆ ಒಲೆ. ಕೂಡದಿದ್ದರೆ ನಾನು ಇಲ್ಲೇ ನಿಮ್ಮ ಮಕ್ಕಳ ಮುಂದೆ ಕಾವಲುಗಾರರ ಭಾಷಣ ಮಾಡುತ್ತೇನೆ.”

ಅದು ಐತಿಹಾಸಿಕ ವಸ್ತು, ಮುಟ್ಟುವಂತಿಲ್ಲ ಎಂದರು. “ಹಾಗಾದರೆ ಸರಿ, ಮುಟ್ಟಬೇಡಿ, ನಾವೂ ಏಳುವುದಿಲ್ಲ” ಎಂದೆ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಸಾಹೇಬರು ಗಡಿಯಾರ ನೋಡಿ, ಮಾಲಿಯನ್ನು ಕರೆದರು.

ಮಾಲಿ ಕಟಾಂಜನದ ಬೀಗ ತೆಗೆದು ಒಳಗೆ ಹೋಗಿ ಹಾರೆಯಿಂದ ಸಿಮೆಂಟು ಎಬ್ಬಿಸಿದ. ಕಲ್ಲುಗಳನ್ನು ಒಂದೊಂದಾಗಿ ಹೊರಳಿಸಿ, ಆಯಿ ಬೆರಳು ಮಾಡಿದಲ್ಲಿ ಸರಿಸಿದ. ಮೂರನೆಯದು ಕೂಡುತ್ತಲೇ ಮಸಿಯ ಗೆರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಾಟಿ ಬಳೆಯ ಹಾಗೆ ಸುತ್ತು ಬಂತು. ಆಯಿ ಗಡಿಗೆ ಇಟ್ಟಳು. ಅಲುಗಲಿಲ್ಲ. ಮಾಲಿ ನಕ್ಕೇಬಿಟ್ಟ.

“ಸಾಹೇಬ, ಹೀ ತರ ಚೂಲ ಆಹೆ!” ಇದು ಒಲೆಯೇ. ಅವನ ಮನೆಯಲ್ಲೂ ಇಂಥದ್ದೇ ಇರಬೇಕು.

ಸಾಹೇಬರು ನಗಲಿಲ್ಲ. “ಆಯಿತು, ಬೇಗ ಮುಗಿಸಿ” ಎಂದರು. ಆಮೇಲೆ ನನಗೆ ಮಾತ್ರ ಕೇಳುವಂತೆ, “ಇದನ್ನು ಬರೆದು ಕೊಡುವುದಿಲ್ಲ, ನೆನಪಿಡು.” ಕಾಕಾ ಕುಳ್ಳು ತೆಗೆದಾಗ ಫೋನ್ ಕಿವಿಗೆ ಹಚ್ಚಿಕೊಂಡು ಆ ಕಡೆ ತಿರುಗಿ ನಿಂತರು.

ಉರಿ ಹಚ್ಚುವ ಮುಂಚೆ ಆಯಿ ನನ್ನ ಕೈಗೆ ಒಡೆದ ಸಿಮೆಂಟಿನ ಚೂರೊಂದನ್ನು ಇಟ್ಟಳು.

“ಕಲ್ಲಿನ ಬುಡಕ ನೀ ಇಡ.”

“ನಾನಾ? ಯಾವ ಕಡೆ?”

“ಮಂದಿ ಮುಂದ ಕೇಳತಾರೇನ, ಹುಚ್ಚಿ!” ಹಲ್ಲುಗಳ ನಡುವೆ ಅಂದಳು. ಆಮೇಲೆ ದೊಡ್ಡ ದನಿಯಲ್ಲಿ, ಯಾರಿಗೂ ಅಲ್ಲದ ಹಾಗೆ, “ಹೊಳಿ ದಂಡಿಗೆ ಈ ಸಲ ಕಬ್ಬ ಲಗೂ ಕಡದಾರಂತ, ಸಂತ್ಯಾಗ ಅಂತಿದ್ರು” ಎಂದಳು.

ಪೂರ್ವದ ಕಲ್ಲಿನ ಬುಡಕ್ಕೆ ಚೂರು ಒತ್ತಿದೆ. ಹಾಲು ಉಕ್ಕಿ ಪಶ್ಚಿಮಕ್ಕೆ ಚೆಲ್ಲಿತು. ಕಾಕಾ ಹಣೆಗೆ ಕೈಮುಟ್ಟಿಸಿ ಎದ್ದ. ಟಗರು ಎದ್ದಿತು. ವಾಚಮನ್ ಯಾರೂ ಹೇಳದೆಯೇ ಓಡಿಹೋಗಿ ಹಿಂಬದಿಯ ಸಣ್ಣ ಗೇಟು ತೆರೆದು, ಕಿಸೆಯಿಂದ ಸೀಟಿ ತೆಗೆದು, ಈ ಸಲ ಬೇಕೆಂದೇ ಊದಿದ. ಹಿಂಡು ಗುಡ್ಡದ ಆಚೆ ಮೈಯಿಂದ ಹೊಳೆಯ ಕಡೆ ಇಳಿಯಿತು.

ಒಲೆ ಆಯಿಗೆ ಮರಳಿ ಸಿಕ್ಕಿತೆ? ಒಂದು ಬೆಳಗಿಗೆ ಸಿಕ್ಕಿತು. ಫಲಕ ಇನ್ನೂ ಅಲ್ಲೇ ಇದೆ. ಕುದುರೆಯ ಕೆರೆಯೂ ಇದೆ, ನನಗಿಂತ ಚಿಕ್ಕದಾಗಿ. ಮೂರನೆಯ ಅರ್ಜಿ ಕೊಟ್ಟಿದ್ದೇನೆ, ಮಸಿಯ ಗೆರೆಯ ಫೋಟೋ ಲಗತ್ತಿಸಿ. ಉತ್ತರ ಬಂದಿಲ್ಲ. ಮುಂದಿನ ದೀಪಾವಳಿಯೊಳಗೆ ಬರದಿದ್ದರೆ ಹಾಲು ಯಾವ ಕಡೆ ಚೆಲ್ಲುತ್ತದೆ ಎಂದು ನನಗೆ ಈಗಲೇ ಗೊತ್ತು, ಕಲ್ಲು ಇಡುವವಳು ನಾನೇ. ಮರಾಠಿಯಲ್ಲಿ ಕಟ್ಟಿದ ಸುಳ್ಳು ಗ್ರಾನೈಟಿನಲ್ಲಿದೆ. ನಿಜವನ್ನು ಕನ್ನಡದಲ್ಲಿ, ಕಾಗದದ ಮೇಲೆ ಬರೆಯುತ್ತಿದ್ದೇನೆ. ಆಯಿ ಬೈಯುವ ಭಾಷೆಯಾದರೂ ಇದೇ.

ಮೊನ್ನೆ ವಾಚಮನ್ ಸಿಕ್ಕಿದ್ದ. ಕಪ್ಪು ಮೈ ಒಳಗೆ ಹೋದಮೇಲೆ ಕಲ್ಲು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಸಮಿತಿಯವರು ಗೊಣಗುತ್ತಿದ್ದಾರಂತೆ.

ಬರದಿರಲಿ.